ಗೌರಮ್ಮ ನೋಡಿದ ಗೆರೆ

ಮೂವತ್ತನೆಯ ಹುಣಸೆಬೀಜವನ್ನು ಡಬ್ಬಿಗೆ ಹಾಕಿ ಗೌರಮ್ಮ, "ಮೂವತ್ತಾತು ನೋಡ್ರಿ ಮೇಡಂ" ಎಂದರು. ಚಿತ್ರದುರ್ಗದ ನಮ್ಮ ಕಾಲೇಜಿಗೆ ಡಿಎನ್‌ಎಯ ನಕಲುಗಳನ್ನು ತಾನೇ ಮಾಡುವ ಪಿಸಿಆರ್ ಯಂತ್ರ ಇನ್ನೂ ಬಂದಿರಲಿಲ್ಲ. ಡಿಎನ್‌ಎ ಸುತ್ತಿಗೊಮ್ಮೆ ಇಮ್ಮಡಿಯಾಗಲೆಂದು ಪುಟ್ಟ ಟ್ಯೂಬನ್ನು ಬೇರೆ ಬೇರೆ ಹದದ ಬಿಸಿನೀರಿನ ಮೂರು ಪಾತ್ರೆಗಳಲ್ಲಿ ಸರದಿಯಂತೆ ನಾನೇ ಅದ್ದಿ ತೆಗೆಯಬೇಕಿತ್ತು. ಹಿಂದೆ ಎರಡು ಸಲ ಲೆಕ್ಕ ತಪ್ಪಿ ಏನೂ ಕಂಡಿರಲಿಲ್ಲ. ನಕಲು ಮಾಡಲು ಬೇಕಾದ ಕಿಣ್ವ ಉಳಿದಿದ್ದದ್ದು ಇದೊಂದೇ ಸಲಕ್ಕೆ. ಹಾಗಾಗಿ ಸುತ್ತಿಗೊಂದು ಬೀಜ ಎಣಿಸುವ ಕೆಲಸವನ್ನು ಲ್ಯಾಬಿನ ಅಟೆಂಡರ್ ಗೌರಮ್ಮ ತಾವೇ ವಹಿಸಿಕೊಂಡಿದ್ದರು. ಟ್ಯೂಬಿನಲ್ಲಿದ್ದದ್ದೂ ಅವರ ಕೆನ್ನೆಯ ಒಳಗಿಂದ ತೆಗೆದ ಡಿಎನ್‌ಎ.

ಸಂಜೆ ಅದನ್ನು ಜೆಲ್ಲಿನ ತೆಳು ಹಲ್ಲೆಯಲ್ಲಿ ವಿದ್ಯುತ್ತಿನಿಂದ ಹರಿಸಿ ಅತಿನೇರಳೆ ದೀಪದ ಮೇಲಿಟ್ಟಾಗ ಕಿತ್ತಳೆ ಬಣ್ಣದ ಒಂದು ಗೆರೆ ಬೆಳಗಿತು. ನಾವು ಆರಿಸಿಕೊಂಡಿದ್ದು ಮೈಟೊಕಾಂಡ್ರಿಯದ ಡಿಎನ್‌ಎ; ಅದು ಯಾರಿಗಾದರೂ ತಾಯಿಯಿಂದಷ್ಟೇ ಬರುತ್ತದೆ. "ಈ ಭಾಗ ಪೂರ್ತಿ ನಿಮ್ಮ ತಾಯಿಯಿಂದಲೇ ಬಂದದ್ದು, ತಂದೆಯದು ಇದರಲ್ಲಿಲ್ಲ" ಎಂದೆ.

ಗೌರಮ್ಮ ದೀಪದ ಹತ್ತಿರಕ್ಕೆ ಬಂದರು. ಆಮೇಲೆ, "ನನ್ನ ಹೆತ್ತು ಮೂರೇ ದಿನಕ್ಕೆ ಹೋದ್ಳು ನಮ್ಮವ್ವ. ಒಂದು ಫೋಟೊನೂ ಇಲ್ಲ. ದೀಪ ಆರಿಸಬ್ಯಾಡ್ರಿ, ಇನ್ನೊಂದು ಚೂರು ನೋಡ್ತೀನಿ" ಎಂದರು.

ವರ್ಷಗಟ್ಟಲೆ ಪುಸ್ತಕದ ಚಿತ್ರ ತೋರಿಸಿ ನಾನು ಈ ಗೆರೆಯ ಪಾಠ ಮಾಡಿದ್ದೆ. ಅದರ ಮುಂದೆ ಒಬ್ಬ ಮಗಳು ಸೆರಗು ಸರಿಮಾಡಿಕೊಂಡು ನಿಂತದ್ದನ್ನು ಅಂದೇ ಮೊದಲು ಕಂಡೆ.