ತಿಪ್ಪಣ್ಣ ಲಾಜರನಾದದ್ದು

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಹೆಸರಿಟ್ಟರೆ, ಸಾವು ಅದನ್ನು ಕಸವೆಂದು ಬಿಟ್ಟುಹೋಗುತ್ತದೆ ಎಂದು ಆಗ ನಮ್ಮ ಕಡೆ ಎಲ್ಲರೂ ನಂಬಿದ್ದರು.

ಯುದ್ಧದ ಕಾಲ. ಸಿರುಗುಪ್ಪದಲ್ಲಿ ಪ್ಲೇಗಿನ ಸೂಜಿ ಹಾಕಿಸುವ ಕೆಲಸ ಮುಗಿಸಿ ನಾನು ಬಳ್ಳಾರಿಗೆ ಹೊರಟಿದ್ದೆ. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸು ಕುರುಗೋಡಿನಲ್ಲಿ ನಿಂತಾಗ ಒಬ್ಬ ಯುವಕ ಹತ್ತಿ ನನ್ನ ಪಕ್ಕ ಕುಳಿತ. ಹಿಂದೆಯೇ ಅವನ ಸೋದರಮಾವ ಹತ್ತಿದ. ಯುವಕ ಮರುದಿನ ಕಂಟೋನ್ಮೆಂಟಿನ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು ಏಸು ಸಾವಿನಿಂದ ಎಬ್ಬಿಸಿದ ಲಾಜರನ ಹೆಸರು ಇಟ್ಟುಕೊಳ್ಳುವವನಿದ್ದ.

“ಏಸುಗ ಬೇಕಾದ್ರ ಕೈಮುಗಿಯಲೇ, ತಿಪ್ಪಣ್ಣ ಅನ್ನೂ ಹೆಸರು ಮಾತ್ರ ಬಿಡಬ್ಯಾಡ. ಬಿಟ್ಟೀ ಅಂದ್ರ ವರ್ಷ ತುಂಬೂದ್ರಾಗ ಸಾಯ್ತಿ,” ಎಂದ ಮಾವ. ಆಮೇಲೆ ನನ್ನ ಕಡೆ ತಿರುಗಿದ. “ಸಾಹೇಬ್ರ, ಓದಿದೋರು ನೀವು. ಬುದ್ಧಿ ಹೇಳ್ರಿ.”

ಹೆಸರಿನಿಂದ ಯಾರೂ ಸಾಯುವುದಿಲ್ಲ, ಯಾರೂ ಬದುಕುವುದೂ ಇಲ್ಲ ಎಂದೆ. ಇಬ್ಬರಿಗೂ ಅದು ಹಿಡಿಸಲಿಲ್ಲ.

“ಬದುಕಾಕಂತ ಲಾಜರ ಆಗಾಕತ್ತಿಲ್ರಿ,” ಎಂದ ಯುವಕ. “ದೇವರು ನನ್ನ ತಿಪ್ಪಿಯಿಂದ ಎತ್ತಿಕೊಂಡಾನ. ಇನ್ನ ಆ ಹೆಸರು ಹೊತ್ತುಕೊಂಡು ತಿರುಗಾಂಗಿಲ್ಲ.”

“ಆ ಹೆಸರ ನಿನ್ನ ಉಳಿಸೈತಿ,” ಎಂದ ಮಾವ.

“ಹಂಗಾರ ನಮ್ಮವ್ವಗ ಮೊದಲ ಹುಟ್ಟಿದ ನನ್ನ ಅಕ್ಕ ಸತ್ತ ಮ್ಯಾಲೆ ಬಂದ ಇಬ್ರು ಅಣ್ಣಂದಿರ ಹೆಸರು ಸಾಹೇಬ್ರಿಗೆ ಹೇಳು, ಮಾವ.”

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದ. ಬಳ್ಳಾರಿಯಲ್ಲಿ ಇಳಿಯುವಾಗ ಯುವಕನೇ ಹೇಳಿದ. ಹಾಲು ಕುಡಿಯುವ ವಯಸ್ಸಿನಲ್ಲೇ ಸತ್ತ ಆ ಇಬ್ಬರ ಹೆಸರೂ ತಿಪ್ಪಣ್ಣ.