ಪಪ್ಪ ವಿದ್ವಾಂಸರಾದದ್ದು

ಮಣಿಪಾಲದಲ್ಲಿ ನಾನು ಪಾಠ ಮಾಡುವ ಹುಡುಗಿಯರಿಗೆ ಡಾರ್ಕ್ ಅಕಾಡೆಮಿಯಾ ಎಂಬ ಗೀಳು. ಕಂದು ಕೋಟು, ಮೇಣದ ಬತ್ತಿ, ದಪ್ಪ ಪುಸ್ತಕ, ಅರೆಗತ್ತಲಲ್ಲಿ ಮುಖ ಗಂಟಿಕ್ಕಿ ಕುಳಿತ ಗಡ್ಡದ ವಿದ್ವಾಂಸರ ಹಳೆಯ ಯುರೋಪಿನ ಚಿತ್ರಗಳು. ನಮ್ಮ ಸೆಕೆಗೆ ಕೋಟು ಬೇರೆ ಕೇಡು ಎಂದು ನಗಾಡುತ್ತಿದ್ದ ನನಗೂ ಅದು ಅಂಟಿಕೊಂಡಿತು. ಕಾಲೇಜಿನ ಪ್ರದರ್ಶನಕ್ಕೆ ಅಂಥದ್ದೇ ಒಂದು ತೈಲಚಿತ್ರ ಬರೆಯಲು ಹೊರಟೆ.

ವಿದ್ವಾಂಸನಾಗಿ ಕೂರಲು ಸಿಕ್ಕಿದ್ದು ಪಪ್ಪ. ಗಲ್ಫಿನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ನಮ್ಮೂರು ಕೆಮ್ಮಣ್ಣಿಗೆ ಮರಳಿದವರು. ಬಿಳಿಗಡ್ಡದಲ್ಲಿ ಮಾತ್ರ ಯಾವ ಪ್ರೊಫೆಸರಿಗೂ ಕಡಿಮೆಯಿಲ್ಲ. ಕಾಪುವಿನ ಚಿಕ್ಕಪ್ಪನ ಮದುವೆ ಕೋಟು ತೊಡಿಸಿ, ಮಡಿಲಲ್ಲಿ ನನ್ನ ಪಿಎಚ್‌ಡಿ ಪ್ರಬಂಧ ಇಟ್ಟೆ. ಆ ಚಿತ್ರಗಳಲ್ಲಿ ಮೇಜಿನ ಮೇಲೊಂದು ತಲೆಬುರುಡೆ ಇರುತ್ತದೆ; ನಾನು ಸುಲಿದ ತೆಂಗಿನಕಾಯಿ ಇಟ್ಟೆ. ಫ್ಯಾನ್ ಹಾಕಿದರೆ ಬತ್ತಿ ಆರುತ್ತಿತ್ತು. ಪಪ್ಪ ಬೆವರಿ ತೊಪ್ಪೆಯಾದರು.

ಮುಗಿದ ಚಿತ್ರವನ್ನು ತುಂಬಾ ಹೊತ್ತು ನೋಡಿ ಹೇಳಿದರು, "ಚಂದ ಉಂಟು. ಆದರೆ ಮಣಿಪಾಲಕ್ಕೆ ಬೇಡ."

"ಎಂತಕ್ಕೆ ಪಪ್ಪ?"

"ನಾನು ಏಳನೇ ಕ್ಲಾಸು ಮಾರಾಯ್ತಿ. ಅಷ್ಟು ದೊಡ್ಡ ಪುಸ್ತಕ ಹಿಡಿದು ಕೂತರೆ ಓದಿದವರು ನಗುತ್ತಾರೆ."

ಪ್ರದರ್ಶನಕ್ಕೆ ನಾಲ್ಕೇ ದಿನ. ಅವರು ಒಪ್ಪದೆ ಒಯ್ಯಲು ಮನಸ್ಸು ಬರಲಿಲ್ಲ. ಮುಖ ಊದಿಸಿಕೊಂಡು ಓಡಾಡಿದೆ.

ಮರುದಿನ ಸಂಜೆ ನಮ್ಮ ಮನೆಯಲ್ಲಿ ತೇರ್ಸ್ ಪ್ರಾರ್ಥನೆ; ನೆರೆಕರೆಯವರೆಲ್ಲ ಜಪಮಾಲೆ ಹಿಡಿದು ಬಂದರು. ಹಸಿ ಬಣ್ಣ ಒಣಗಲೆಂದು ಚಿತ್ರವನ್ನು ದೇವರ ಪೀಠದ ಪಕ್ಕದಲ್ಲೇ ಒರಗಿಸಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಸಂತರ ಪಟಗಳನ್ನು ಮುಟ್ಟಿ ಅದೇ ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕಿಕೊಳ್ಳುವುದು ಹಿರಿಯರ ರೂಢಿ. ಎಲ್ಲರೂ ಮಾವ್ಶಿ ಎಂದು ಕರೆಯುವ, ಕಣ್ಣು ಮಂಜಾದ ಮುದುಕಿ ಸಾಲಾಗಿ ಮುಟ್ಟುತ್ತಾ ಬಂದು ಇದನ್ನೂ ಮುಟ್ಟಿದರು. ಹಣೆಯಲ್ಲಿ ಕಂದು ಬಣ್ಣದ ಶಿಲುಬೆ ಮೂಡಿತು. ಆಮೇಲೆ ಚಿತ್ರಕ್ಕೆ ಮುಖ ಹತ್ತಿರ ತಂದು ಕೇಳಿದರು,

"ಇವರು ಯಾವ ಸಂತರು? ತೆಂಗಿನಕಾಯಿ ಇಟ್ಟುಕೊಂಡವರನ್ನು ನಾನು ನೋಡಿದ್ದೇ ಇಲ್ಲ."

"ಮಾವ್ಶಿ, ಅದು ನಾನು," ಎಂದರು ಪಪ್ಪ.

ಮಾವ್ಶಿ ಚಿತ್ರ ನೋಡಿದರು, ಪಪ್ಪನನ್ನು ನೋಡಿದರು. "ನೀನಾ! ಹೇಗೂ ಮುಟ್ಟಿ ಆಯಿತು. ನನ್ನ ಮಂಡಿನೋವು ಒಂದು ಗುಣ ಮಾಡು."

ಮನೆಯಿಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪಪ್ಪ.

ಎಲ್ಲರೂ ಹೋದ ಮೇಲೆ ಅವರೇ ಮಾತು ತೆಗೆದರು. "ಸಂತನೇ ಆಗಿ ಆಯಿತು, ಇನ್ನು ಪ್ರೊಫೆಸರ್ ಆಗಲಿಕ್ಕೆ ಎಂತ ನಾಚಿಕೆ? ತೆಗೆದುಕೊಂಡು ಹೋಗು, ನಾನೂ ಬರುತ್ತೇನೆ. ಆದರೆ ಆ ಪುಸ್ತಕದಲ್ಲಿ ಎಂತ ಉಂಟು ಅಂತ ಯಾರಾದರೂ ಕೇಳಿದರೆ? ನೀನು ನನಗೆ ಹೇಳಲೇ ಇಲ್ಲ ಅಲ್ವಾ."

ನನ್ನ ಪ್ರಬಂಧ ಗಲ್ಫಿಗೆ ಹೋದ ಕರಾವಳಿಯವರ ಬದುಕಿನ ಮೇಲೆ. ಕಾರ್ಕಳ, ಪೆರ್ಡೂರಿನ ತನಕ ಅಲೆದು ಎಷ್ಟೋ ಮಂದಿಯನ್ನು ಮಾತಾಡಿಸಿದ್ದೆ. ಪಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ.

ಅವರ ಪಕ್ಕ ಕುಳಿತು ಪ್ರಬಂಧ ತೆರೆದು, ಓದಿ ಓದಿ ಕೊಂಕಣಿಯಲ್ಲಿ ಹೇಳತೊಡಗಿದೆ. ಎರಡನೆಯ ಪುಟದಲ್ಲೇ ಪಪ್ಪ ಕೈ ಎತ್ತಿ ತಡೆದರು.

"ಹಾಗಲ್ಲ ಮಾರಾಯ್ತಿ. ಪೆನ್ನು ತಾ, ಬರೆದುಕೊ."