ಚುಕ್ಕಿಯ ಹಗ್ಗ

ಮರಳವಾಡಿಯ ಗವಿಸಿದ್ದಯ್ಯನ ಬಳಿ ನಲವತ್ತೊಂದು ಕುದುರೆಗಳಿದ್ದವು. ಅವುಗಳಲ್ಲಿ ಒಂದೂ ಇವತ್ತಿನವರೆಗೆ ಲದ್ದಿ ಹಾಕಿರಲಿಲ್ಲ. ಊರಿನವರು ನಗುತ್ತಿದ್ದುದು ಕುದುರೆಗಳನ್ನು ನೋಡಿ ಅಲ್ಲ. ಐವತ್ತಮೂರು ದಾಟಿದ ಹಿಟ್ಟಿನ ಮಿಲ್ಲಿನ ಯಜಮಾನ ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು, "ಹೋ ಹೋ, ನಿಲ್ಲು ತಾಯಿ" ಎಂದು ಗಾಜು ಸವರುತ್ತಾನಲ್ಲ, ಅದನ್ನು ನೋಡಿ.

"ಸಿದ್ದಯ್ಯ, ನಮ್ ರಾಗಿ ಬೀಸ್ಕೊಡ್ತೀಯೋ, ಇಲ್ಲಾ ನಿನ್ ಕುದ್ರೆ ಬಾಣಂತನ ಮುಗೀಲಿ ಅಂತ ಕಾಯ್ಬೇಕೋ?" ಎಂದು ಪುಟ್ಟಸ್ವಾಮಿ ಚೀಲ ಇಳಿಸುವಾಗಲೆಲ್ಲ ಕೇಳುತ್ತಿದ್ದ.

"ಕಾಯೋ ಒಸಿ. ಹಿಟ್ಟು ಯಾವಾಗ್ ಬೇಕಾದ್ರೂ ಆಯ್ತದೆ. ಮರಿ ಹಾಕೋದು ವಾರಕ್ಕೊಂದೇ ಕಿತ."

ಈ ಆಟವನ್ನು ಫೋನಿಗೆ ಹಾಕಿಕೊಟ್ಟವಳು ಮಗಳು ಸೌಮ್ಯಶ್ರೀ. ಮಂಡಿ ಆಪರೇಷನ್ ಆಗಿ ಅಪ್ಪ ಎರಡು ತಿಂಗಳು ಮಂಚದ ಮೇಲಿದ್ದು ಮನೆಮಂದಿಯನ್ನೆಲ್ಲ ಗೋಳು ಹುಯ್ದುಕೊಳ್ಳುತ್ತಿದ್ದಾಗ, ಬಾಯಿ ಮುಚ್ಚಿಸಲು ಹೂಡಿದ ಉಪಾಯವದು. ದೇಶ ದೇಶದ ಜನ ಅದರೊಳಗೆ ಕುದುರೆ ಸಾಕುತ್ತಾರೆ. ಗಂಡು ಹೆಣ್ಣು ಜೊತೆ ಮಾಡಿದರೆ ಏಳು ದಿನಕ್ಕೆ ಮರಿ. ಬೇಕಾದವರು ಕೊಳ್ಳುತ್ತಾರೆ, ಬೇಡದವರು ಮಾರುತ್ತಾರೆ. ಕಟ್ಟುನಿಟ್ಟು ಒಂದೇ: ಏಳು ದಿನ ಹೊಟ್ಟೆ ತುಂಬದ ಕುದುರೆ ಅಳಿಸಿಹೋಗುತ್ತದೆ. ಅತ್ತರೂ ಕರೆದರೂ ಮತ್ತೆ ಬರುವುದಿಲ್ಲ.

ಬೇರೆಯವರು ಓಟದ ಅಂಕಿ, ದಮ್ಮಿನ ಅಂಕಿ ನೋಡಿ ಕುದುರೆ ಆರಿಸುತ್ತಿದ್ದರು. ಗವಿಸಿದ್ದಯ್ಯ ಮೈಗೂದಲಿನ ಸುಳಿ ನೋಡುತ್ತಿದ್ದ. ಆಟ ಮಾಡಿದವರಿಗೆ ಸುಳಿ ಎಂಬುದೊಂದಿದೆ ಎಂದೇ ಗೊತ್ತಿರಲಿಕ್ಕಿಲ್ಲ. ಆದರೆ ದನದ ವ್ಯಾಪಾರಿಯ ಮಗನಿಗೆ ಚರ್ಮ ಕಂಡಲ್ಲೆಲ್ಲ ಸುಳಿ ಕಾಣುತ್ತದೆ. ಅವನ ಅಪ್ಪ ರುದ್ರಯ್ಯ ಕನಕಪುರದ ಸಂತೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುತ್ತಲೇ ಜನ್ಮ ಕಳೆದವನು. ಎಂಥ ಎತ್ತನ್ನಾದರೂ ಮಾರುತ್ತಿದ್ದ, ಹಗ್ಗ ಮಾತ್ರ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಹಳೆಯ ಹಗ್ಗವನ್ನೂ ಕೊಟ್ಟುಬಿಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದನ್ನೇ ಹಿಡಿದುಕೊಂಡು ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಹಾಗೆ ಬಿಚ್ಚಿಟ್ಟ ಹಗ್ಗಗಳು ಹಿಂದಿನ ಕೊಟ್ಟಿಗೆಯ ಗೋಡೆಯಲ್ಲಿ ಗೂಟಕ್ಕೊಂದು ಗಂಟಿನಂತೆ ಇನ್ನೂ ನೇತಾಡುತ್ತಿದ್ದವು. ಈಗ ಅಲ್ಲಿ ದನವಿಲ್ಲ, ತೌಡಿನ ಮೂಟೆಗಳಿವೆ.

ಗವಿಸಿದ್ದಯ್ಯನೂ ಅಪ್ಪನ ಪದ್ಧತಿ ಬಿಡಲಿಲ್ಲ. ಮಾರುವ ಮುಂಚೆ ಕುದುರೆಯ ಕೊರಳ ಹಗ್ಗವನ್ನು ಬೆರಳಲ್ಲಿ ಒತ್ತಿ ಬಿಚ್ಚಿ, ಆಟದೊಳಗಿನ ಪೆಟ್ಟಿಗೆಗೆ ಹಾಕುತ್ತಿದ್ದ. ಇಪ್ಪತ್ತಕ್ಕೆ ಪೆಟ್ಟಿಗೆ ತುಂಬಿತು, ಇನ್ನು ಬಿಚ್ಚಿದ ಹಗ್ಗ ಮಾಯವಾಗುತ್ತದೆ ಎಂದು ಆಟ ಎಚ್ಚರಿಸಿತು. ಇಪ್ಪತ್ತೊಂದನೆಯದಕ್ಕೆ ಏನು ಮಾಡುವುದು? ಚೀಲದ ಬಾಯಿ ಕಟ್ಟುವ ಸೆಣಬಿನ ಹುರಿ ಒಂದು ಮೊಳ ಕತ್ತರಿಸಿ, ಆ ಕುದುರೆಯ ಹೆಸರು ಹೇಳಿ, ಕೊಟ್ಟಿಗೆಯ ಕೊನೆಯ ಗೂಟಕ್ಕೆ ಕಟ್ಟಿದ. ಆಮೇಲೆ ಮಾರಿದ ಪ್ರತಿ ಕುದುರೆಗೂ ಅದೇ ಗೂಟಕ್ಕೆ ಒಂದೊಂದು ಹುರಿ.

ಹೆಂಡತಿ ಮಂಗಳಗೌರಿ ಸೊಂಟಕ್ಕೆ ಕೈ ಕೊಟ್ಟು ನೋಡಿದಳು. "ಅಲ್ರೀ, ಇಲ್ದಿರೋ ಕುದ್ರೆಗೆ ಇರೋ ಹಗ್ಗಾನಾ?"

"ಪದ್ಧತಿ ಕಣೇ."

"ಇನ್ನೇನು, ಇರೋ ಹುಳ್ಳೀನೂ ಬೇಯ್ಸಾಕಿ ಅದ್ರ ಮುಂದೆ."

ಚುಕ್ಕಿ ಅವನ ಏಳು ತಲೆಮಾರಿನ ಕೆಲಸ. ಕಪ್ಪು ಹೆಣ್ಣು, ಹಣೆಯಲ್ಲಿ ಅಕ್ಕಿಕಾಳಿನಷ್ಟು ಬಿಳುಪು. ಅವಳ ತಾಯಿ, ಅಜ್ಜಿಯರನ್ನೆಲ್ಲ ಆಗಲೇ ಮಾರಿದ್ದ. ಆ ತಳಿಯಲ್ಲಿ ಉಳಿದವಳು ಅವಳೊಬ್ಬಳೇ. ಅವಳನ್ನು ಕೊಡಬಾರದು ಎಂದುಕೊಂಡಿದ್ದ. ಆದರೆ ಕಬ್ಬಾಳಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಬೈರಮ್ಮ ಎಂಬಾಕೆ ಮೂರು ದಿನ ಮೆಸೇಜಿನಲ್ಲೇ ಚೌಕಾಸಿ ಮಾಡಿದಳು. ಅಷ್ಟು ಚೆನ್ನಾಗಿ ಚೌಕಾಸಿ ಮಾಡುವವರಿಗೆ ಇಲ್ಲ ಎನ್ನುವುದು ವ್ಯಾಪಾರಿಯ ರಕ್ತಕ್ಕೆ ಆಗಿಬರುವುದಿಲ್ಲ. ಕೊಟ್ಟ. ಹುರಿ ಕಟ್ಟಿದ.

ನಾಲ್ಕನೇ ದಿನ ಬೈರಮ್ಮನ ಫೋನು ಬಂತು.

"ಅಣ್ಣೋ, ನಿಮ್ ಚುಕ್ಕಿ ಮೇವ್ ಮುಟ್ತಿಲ್ಲ ಕಣಣ್ಣೋ. ನಾನು ಒತ್ತಿದ್ರೆ ಮೇವು ಹಂಗೇ ಬಿದ್ದಿರ್ತದೆ. ಬಾಗ್ಲು ಕಡೀಕೆ ಮಕ ಮಾಡ್ಕಂಡು ನಿಂತ್‌ಬುಟ್ಟೈತೆ. ಇನ್ ಮೂರೇ ದಿನ."

"ವಾಪಸ್ ಕಳ್ಸಕ್ಕಾ, ನಾನೇ ತಿನ್ನಿಸ್ತೀನಿ."

"ಕಳಿಸ್ದೆ ಕಣಣ್ಣ. 'ಈ ಕುದುರೆ ಈಗಾಗಲೇ ಅಲ್ಲಿದೆ' ಅಂತ ಬತ್ತದೆ."

ಗವಿಸಿದ್ದಯ್ಯ ಆಟದಲ್ಲಿ ತನ್ನ ಲಾಯ ತೆರೆದು ನೋಡಿದ. ಚುಕ್ಕಿಯ ಜಾಗ ಖಾಲಿ ಇತ್ತು. ನೀರಿನ ತೊಟ್ಟಿ ಮಾತ್ರ ಅರ್ಧಕ್ಕೆ ಇಳಿದಿತ್ತು. ತುಂಬಿಸಿದ. ಮಾರನೇ ದಿನ ಮತ್ತೆ ಅರ್ಧ. "ಸರ್ವರ್ ಪ್ರಾಬ್ಲಮ್ ಅಪ್ಪಾಜಿ, ಸರಿಹೋಗುತ್ತೆ" ಎಂದಳು ಸೌಮ್ಯಶ್ರೀ. ಅವನೂ ಹಾಗೆಂದೇ ನಂಬಿದ. ನಂಬಿದವನು ಆ ದಿನ ಪುಟ್ಟಸ್ವಾಮಿಯ ರಾಗಿಗೆ ಇನ್ಯಾರದೋ ಜೋಳ ಬೆರೆಸಿ ಬೀಸಿದ.

ಆರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಿಲ್ಲು ನಿಂತಿತು. ದಿನವಿಡೀ ಆ ಗದ್ದಲದಲ್ಲಿರುವವನಿಗೆ ನಿಶ್ಶಬ್ದ ಕಿವಿಗೆ ಹತ್ತಿ ತುರುಕಿದಂತಾಗುತ್ತದೆ. ಮೂಟೆಯೊಂದನ್ನು ತರಲೆಂದು ಕೊಟ್ಟಿಗೆಗೆ ಹೋದ. ಒಳಗೆ ತೌಡಿನ ವಾಸನೆಯ ಜೊತೆ ಇನ್ನೊಂದು ವಾಸನೆ: ಬೆವರು, ನೆನೆದ ಹುಲ್ಲು.

ಕೊನೆಯ ಗೂಟದ ಹುರಿಗಳು ನೆಟ್ಟಗೆ ತೂಗುಬಿದ್ದಿದ್ದವು. ಒಂದು ಮಾತ್ರ ತೂಗುಬಿದ್ದಿರಲಿಲ್ಲ. ಚುಕ್ಕಿಯದು. ಅದು ಗೂಟದಿಂದ ಬಾಗಿಲ ಕಡೆಗೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ, ಅಡ್ಡಕ್ಕೆ ಬಿಗಿದು ನಿಂತಿತ್ತು. ತುದಿಯಲ್ಲಿ ಏನೂ ಇರಲಿಲ್ಲ.

ಹೆದರಿಕೆಯಾದಾಗ ತಮಾಷೆ ಮಾಡುವುದು ಗವಿಸಿದ್ದಯ್ಯನ ಹಳೇ ಚಾಳಿ. "ಏನ್ ತಾಯಿ, ಕಬ್ಬಾಳಿನ ಬಸ್ಸು ಸಿಗ್ಲಿಲ್ವಾ?" ಎಂದ. ಹುರಿಯನ್ನು ಮುಟ್ಟಿದ. ಬೆಚ್ಚಗಿತ್ತು, ಒದ್ದೆಯಾಗಿತ್ತು. ಬೆರಳು ತಾಗಿದ್ದೇ ಅತ್ತ ಕಡೆಯಿಂದ ಸಣ್ಣಗೆ ಒಂದು ಜಗ್ಗು ಬಂತು. ಒಕ್ಕಲಿನವರ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಆ ಜಗ್ಗು ಗೊತ್ತು. ಪ್ರಾಣಿ ತಲೆ ಕೊಡವಿದಾಗ ಕೈಗೆ ಬರುವಂಥದು.

ಮೂಟೆಯ ಮೇಲೆ ಕೂತ. ಹಗ್ಗ ಬಿಟ್ಟುಕೊಡುವುದನ್ನು ಅವನಪ್ಪ ಕನಸಿನಲ್ಲೂ ಮಾಡಿರಲಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ, ಮಿಲ್ಲು, ಮಗಳ ಮದುವೆ, ಏನೇನು ಅದರ ಹಿಂದೆ ಹೋಗುತ್ತದೋ. ಕೊಡದಿದ್ದರೆ ನಾಳೆ ಚುಕ್ಕಿ ಇರುವುದಿಲ್ಲ. ಹಿಂದೊಮ್ಮೆ ಮಾರಿದ ಎತ್ತೊಂದು ನಾಲ್ಕು ದಿನ ಮೇವು ಬಿಟ್ಟಿದೆ ಎಂದು ಕೊಂಡವನು ಹೇಳಿಕಳಿಸಿದಾಗ, "ಅಭ್ಯಾಸ ಆಯ್ತದೆ ಬುಡು" ಎಂದು ಅಪ್ಪ ಎಲೆಅಡಿಕೆ ಹಾಕಿಕೊಂಡದ್ದು ನೆನಪಾಯಿತು. ಆಮೇಲೆ ಆ ಎತ್ತು ಏನಾಯಿತೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಎದ್ದ. ಎಳೆದೆಳೆದು ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲು ಹಾಕಿದ. ಉಪ್ಪು ಉಪ್ಪಾಗಿತ್ತು. "ಹೋಗು ಮಗ, ತಗಂಡ್ ಹೋಗು" ಎಂದ ಗಂಟಿನ ನಡುವೆಯೇ. ಬಿಚ್ಚಿತು. ಹುರಿ ಅವನ ಕೈ ಸವರಿಕೊಂಡು ಜಾರಿ, ನೆಲದ ತೌಡಿನ ಪುಡಿಯ ಮೇಲೆ ಗೆರೆ ಎಳೆದು, ಹೊಸ್ತಿಲು ದಾಟಿತು. ಹೊರಗೆ ರಸ್ತೆಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಫೋನು ಹೊಡೆದುಕೊಂಡಿತು.

"ಅಣ್ಣೋ! ತಿಂತಾ ಐತೆ! ಬಕಾಸುರನ್ ಹಂಗೆ ತಿಂತಾ ಐತೆ! ಏನ್ ಮಾಡುದ್ರಿ?"

"ಏನಿಲ್ಲಕ್ಕಾ. ಸರ್ವರ್ರು."

"ಅದೇನೋ. ಕೊರಳಲ್ಲೊಂದು ಹಗ್ಗ ಬಂದೈತೆ ಕಣಣ್ಣ, ಇಷ್ಟ್ ದಿನ ಇರ್ನಿಲ್ಲ. ಹಿಟ್ಟು ಮೆತ್ಕಂಡಂಗೆ ಬೆಳ್ಳಗದೆ."

ಫೋನಿಟ್ಟು, ಗವಿಸಿದ್ದಯ್ಯ ಮೊದಲ ಬಾರಿಗೆ ಅಪ್ಪನ ಗೂಟಗಳ ಕಡೆ ಸರಿಯಾಗಿ ತಲೆಯೆತ್ತಿ ನೋಡಿದ. ಧೂಳು ಹಿಡಿದ, ಹೆಬ್ಬೆರಳು ದಪ್ಪದ ಹಗ್ಗಗಳು. ಒಂದೂ ನೆಟ್ಟಗೆ ತೂಗುಬಿದ್ದಿರಲಿಲ್ಲ. ಎಲ್ಲವೂ ತುಸುತುಸುವೇ ಬಾಗಿಲ ಕಡೆಗೆ ವಾಲಿದ್ದವು.

ಮಂಗಳಗೌರಿ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡ ನೋಡುತ್ತಿದ್ದ ಕಡೆ ತಾನೂ ನೋಡಿದಳು.

"ಯಾವಾಗ್ಲಿಂದ ಹಿಂಗವೆ ಇವು?" ಎಂದ.

"ನಾನು ಈ ಮನೆಗೆ ಬಂದಾಗ್ಲಿಂದ. ಗೋಡೆ ಸೊಟ್ಟ ಅಂದ್ಕಂಡಿದ್ದೆ."

"ಇವುಗಳ ಎತ್ತು ಯಾವ್ದೂ ಈಗಿಲ್ಲ ಕಣೇ. ಸತ್ತು ಮೂವತ್ತ್ ವರ್ಷ ಆಗಿರ್ತದೆ."

"ಸತ್ರೇನು? ಎಳೀತಾ ಅವಲ್ಲ."

ಕರೆಂಟು ಬಂತು. ಅತ್ತ ಮಿಲ್ಲು ತಾನಾಗಿಯೇ ಗರ್ರೆಂದು ಶುರುವಾಯಿತು. "ಸಿದ್ದಯ್ಯೋ, ನನ್ ರಾಗಿ ಹಾಕ್ಲಾ!" ಎಂದು ಪುಟ್ಟಸ್ವಾಮಿ ಕೂಗಿದ. ಯಾರೂ ಹೋಗಲಿಲ್ಲ. ಗವಿಸಿದ್ದಯ್ಯ ಅಪ್ಪನ ಮೊದಲ ಗೂಟದ ಗಂಟಿಗೆ ಹಲ್ಲು ಹಾಕಿದ. ಮಂಗಳಗೌರಿ ಲೋಟವನ್ನು ನೆಲಕ್ಕಿಟ್ಟು, ಸೆರಗು ಸಿಕ್ಕಿಸಿ, ಬಾಗಿಲಿಗೆ ಅಡ್ಡವಿದ್ದ ತೌಡಿನ ಮೂಟೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಎಳೆಯತೊಡಗಿದಳು. ಎತ್ತುಗಳು, ಅಗಲ ದಾರಿ ಬೇಕಾಗುತ್ತದೆ.